ತೋಳಿನ ಜೋಲುಚರ್ಮ ತೆಗೆಸುವ ಶಸ್ತ್ರಚಿಕಿತ್ಸೆ: ಉಳಿಯುವ ಗೆರೆಯ ಜೊತೆ ಬದುಕಬಹುದೇ?

ಮುಂಜಾವು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಎರಡು ವರ್ಷಗಳಲ್ಲಿ ನನ್ನ ತೂಕ 44 ಕಿಲೋ ಇಳಿದಿದೆ. ಕಳೆದ ಒಂಬತ್ತು ತಿಂಗಳಿಂದ ತಕ್ಕಡಿಯ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿದೆ. ನನಗೀಗ 47 ವರ್ಷ. ಒಳಗಿನ ಕೊಬ್ಬು ಹೋಯಿತು, ಹೊರಗಿನ ಚೀಲ ಮಾತ್ರ ಹಾಗೆಯೇ ಉಳಿದುಕೊಂಡಿತು. ಕೈ ಚಾಚಿದರೆ ಕಂಕುಳಿನಿಂದ ಮೊಣಕೈವರೆಗೆ ಚರ್ಮ ಪರದೆಯಂತೆ ಇಳಿಬೀಳುತ್ತದೆ. ಭುಜಕ್ಕೆ ಸರಿಹೊಂದುವ ಅಂಗಿಯ ತೋಳು ಮೇಲೇರುವುದಿಲ್ಲ, ತೋಳಿಗೆ ಸರಿಹೊಂದುವ ಅಂಗಿ ಭುಜದಿಂದ ಜಾರುತ್ತದೆ. ಸೆಕೆಯ ದಿನಗಳಲ್ಲಿ ಮಡಿಕೆಯೊಳಗೆ ಬೆವರು ನಿಂತು ಚರ್ಮ ಕೆಂಪಾಗಿ ತುರಿಸುತ್ತದೆ, ಕೆಲವೊಮ್ಮೆ ಒಸರುತ್ತದೆ.

ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಕಾಣುವ ಮೊದಲು ಇಲ್ಲಿ ಎರಡು ವಿಷಯ ಕೇಳಬೇಕೆನಿಸಿತು. ಬ್ರೇಕಿಯೋಪ್ಲಾಸ್ಟಿ ಎನ್ನುವ ಈ ಶಸ್ತ್ರಚಿಕಿತ್ಸೆಯಲ್ಲಿ ತೋಳಿನ ಉದ್ದಕ್ಕೂ ಗಾಯದ ಗೆರೆ ಉಳಿಯುತ್ತದೆಂದು ಓದಿದ್ದೇನೆ. ಅದು ನಿಜವಾಗಿ ಹೇಗಿರುತ್ತದೆ, ಎಷ್ಟು ಕಾಲ ಎದ್ದು ಕಾಣುತ್ತದೆ? ಎರಡನೆಯದು ಇನ್ನೂ ಮುಖ್ಯ. ಹಾಸಿಗೆ ಹಿಡಿದಿರುವ ತಾಯಿಯನ್ನು ದಿನಕ್ಕೆ ನಾಲ್ಕಾರು ಸಲ ಎತ್ತಿ ಕೂರಿಸುವವಳು ನಾನೊಬ್ಬಳೇ. ಶಸ್ತ್ರಚಿಕಿತ್ಸೆಯ ನಂತರ ಎಷ್ಟು ದಿನಕ್ಕೆ ಮತ್ತೆ ಭಾರ ಎತ್ತಬಹುದು?

ತುಂಬೆಹೂ

ಮುಂಜಾವು ಅವರೇ, ನಾನು ನಾಲ್ಕು ವರ್ಷಗಳ ಹಿಂದೆ ಎರಡೂ ತೋಳುಗಳಿಗೆ ಮಾಡಿಸಿಕೊಂಡೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ.

ಮೊದಲ ಎರಡು ವಾರ ಗೆರೆ ತೆಳ್ಳಗೆ, ಅಚ್ಚುಕಟ್ಟಾಗಿ ಕಾಣುತ್ತಿತ್ತು. ಇಷ್ಟಕ್ಕೇ ಹೆದರಿದೆನಲ್ಲ ಎಂದುಕೊಂಡೆ. ಆಮೇಲೆ ಅದು ಕೆಂಪಾಗಿ, ಉಬ್ಬಿ, ಮೂರನೆಯ ತಿಂಗಳ ಹೊತ್ತಿಗೆ ಅತ್ಯಂತ ಕೆಟ್ಟದಾಗಿ ಕಂಡಿತು. ಈ ಮಾತನ್ನು ಯಾರೂ ನನಗೆ ಮುಂಚಿತವಾಗಿ ಹೇಳಿರಲಿಲ್ಲವಾದ್ದರಿಂದ ಏನೋ ಎಡವಟ್ಟಾಗಿದೆ ಎಂದು ಅತ್ತುಬಿಟ್ಟಿದ್ದೆ. ಗಾಯ ಮಾಯುವಾಗ ಶರೀರ ಅಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಕೊಲ್ಯಾಜನ್ ಎಂಬ ನಾರಿನಂಥ ಪ್ರೋಟೀನು ತುಂಬಿಸಿ, ಆಮೇಲೆ ತಿಂಗಳುಗಟ್ಟಲೆ ಅದನ್ನು ಕರಗಿಸುತ್ತಾ ಜೋಡಿಸುತ್ತಾ ಇರುತ್ತದೆಯಂತೆ. ಆ ಕೆಂಪು, ಆ ಉಬ್ಬು ಅದರದ್ದೇ ಗುರುತು. ಒಂದು ವರ್ಷಕ್ಕೆ ಬಣ್ಣ ಇಳಿಯಿತು, ಒಂದೂವರೆ ವರ್ಷಕ್ಕೆ ಗೆರೆ ಚಪ್ಪಟೆಯಾಯಿತು. ಈಗಲೂ ಇದೆ, ಕೈ ಎತ್ತಿದರೆ ಕಾಣುತ್ತದೆ. ಪೂರ್ತಿ ಮಾಯವಾಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ಅವರ ಬಳಿ ಹೋಗಲೇಬೇಡಿ.

ನಿಮಗೊಂದು ಸಲಹೆ. ಸುಲಭವಾಗಿ ಅಳಿಸದ ಕೆಂಪು ಪೆನ್ನು ತೆಗೆದುಕೊಂಡು ಒಳತೋಳಿನ ಮೇಲೆ ಕಂಕುಳಿನಿಂದ ಮೊಣಕೈವರೆಗೆ ಒಂದು ಗೆರೆ ಎಳೆದುಕೊಂಡು, ಒಂದು ವಾರ ಅದರ ಜೊತೆ ಓಡಾಡಿ, ಕೆಲಸಕ್ಕೆ ಹೋಗಿ, ಕನ್ನಡಿ ನೋಡಿಕೊಳ್ಳಿ. ಚಿತ್ರಗಳನ್ನು ನೋಡಿ ನಿರ್ಧರಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಗರಡಿಮನೆ

ಭಿನ್ನಾಭಿಪ್ರಾಯಕ್ಕೆ ಕ್ಷಮೆಯಿರಲಿ. ನಾನು ಹದಿನಾರು ವರ್ಷಗಳಿಂದ ವ್ಯಾಯಾಮ ಕಲಿಸುತ್ತಿದ್ದೇನೆ. ತೋಳಿನ ಹಿಂಬದಿಯ ಟ್ರೈಸೆಪ್ಸ್ ಸ್ನಾಯು ಮುಂಬದಿಯ ಸ್ನಾಯುವಿಗಿಂತ ದೊಡ್ಡದು. ಅದನ್ನು ಕ್ರಮವಾಗಿ ಬೆಳೆಸಿದರೆ ಚರ್ಮದ ಕೆಳಗಿನ ಜಾಗ ತುಂಬುತ್ತದೆ. ಒಂದು ವರ್ಷವಾದರೂ ಭಾರ ಎತ್ತುವ ವ್ಯಾಯಾಮ ಮಾಡಿ ನೋಡದೆ ಕತ್ತಿಯ ಕೆಳಗೆ ಮಲಗುವುದು ಆತುರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಸಿರುಗೌನು

ನಾನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ದಾದಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿಯೇ ಬಹಳ ವರ್ಷ ಇದ್ದೆ. ವೈದ್ಯೆಯಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಿ.

ಗರಡಿಮನೆ ಅವರ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಅದು ಹತ್ತು ಹನ್ನೆರಡು ಕಿಲೋ ಇಳಿಸಿದವರಿಗೆ ಅನ್ವಯಿಸುವ ಸತ್ಯ. ಚರ್ಮ ಹಿಗ್ಗಿ ಮತ್ತೆ ಕುಗ್ಗುವುದು ಅದರೊಳಗಿನ ಎಲಾಸ್ಟಿನ್ ಎಳೆಗಳಿಂದ, ಬಿಗಿಯಾಗಿ ನಿಲ್ಲುವುದು ಕೊಲ್ಯಾಜನ್ ಎಳೆಗಳಿಂದ. ವರ್ಷಗಟ್ಟಲೆ ಹಿಗ್ಗಿಯೇ ಇದ್ದ ಚರ್ಮದಲ್ಲಿ ಈ ಎಳೆಗಳು ತುಂಡಾಗಿ ತೆಳುವಾಗಿರುತ್ತವೆ. ಹಳೆಯ ಲಾಡಿಯೊಳಗಿನ ರಬ್ಬರು ಸತ್ತುಹೋದ ಮೇಲೆ ಎಷ್ಟು ಒಗೆದು ಒಣಗಿಸಿದರೂ ಅದು ಬಿಗಿಯಾಗದಲ್ಲ, ಹಾಗೆ. ಸ್ನಾಯು ಬೆಳೆದರೆ ಚರ್ಮದ ಕೆಳಗೆ ಸ್ನಾಯು ಇರುತ್ತದೆ, ಚರ್ಮವೂ ಇದ್ದಷ್ಟೇ ಇರುತ್ತದೆ. ಮುಂಜಾವು ಅವರು ವರ್ಣಿಸಿರುವ ಪರದೆಯನ್ನು ತುಂಬುವಷ್ಟು ಟ್ರೈಸೆಪ್ಸ್ ಯಾರಿಗೂ ಬೆಳೆಯುವುದಿಲ್ಲ.

ಸರ್ಜನ್ ಮೊದಲು ನೋಡುವುದು ಮೂರು ಸಂಗತಿ: ಕೊಬ್ಬು ಎಷ್ಟಿದೆ, ಚರ್ಮ ಎಷ್ಟು ಜೋತಿದೆ, ಜೋತಿರುವುದು ಎಲ್ಲಿಂದ ಎಲ್ಲಿಯವರೆಗೆ. ನಿಲ್ಲಿಸಿ, ತೋಳನ್ನು ಭುಜದ ಮಟ್ಟಕ್ಕೆ ಎತ್ತಿಸಿ, ಮೊಣಕೈ ಮಡಿಸಿ, ಚರ್ಮವನ್ನು ಬೆರಳುಗಳ ನಡುವೆ ಹಿಡಿದು ನೋಡುತ್ತಾರೆ. ಕೊಬ್ಬು ಮಾತ್ರ ಹೆಚ್ಚಿದ್ದು ಚರ್ಮ ಇನ್ನೂ ಬಿಗಿಯಾಗಿದ್ದರೆ ಲೈಪೋಸಕ್ಷನ್, ಅಂದರೆ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು, ಸಾಕು, ಸಣ್ಣ ರಂಧ್ರಗಳ ಗುರುತಷ್ಟೇ ಉಳಿಯುತ್ತದೆ. ಅದೇ ಚರ್ಮ ಸಡಿಲವಿದ್ದವರಿಗೆ ಬರೀ ಲೈಪೋಸಕ್ಷನ್ ಮಾಡಿದರೆ ಗಾಳಿ ತೆಗೆದ ಬಲೂನಿನಂತೆ ಇನ್ನಷ್ಟು ಸುಕ್ಕಾಗುತ್ತದೆ. ಸಡಿಲತೆ ಕಂಕುಳಿನ ಹತ್ತಿರ ಮಾತ್ರ ಇದ್ದರೆ ಕಂಕುಳಿನ ಮಡಿಕೆಯೊಳಗೇ ಗೆರೆ ಅಡಗುವಂತೆ ಚಿಕ್ಕದಾಗಿ ಮಾಡಬಹುದು. ಈ ಚಿಕ್ಕ ವಿಧಾನದ ಹೆಸರು ಕೇಳಿದ ಕೂಡಲೇ ಎಲ್ಲರೂ ಅದನ್ನೇ ಬಯಸುತ್ತಾರೆ. ಆದರೆ ಅದು ಚರ್ಮವನ್ನು ಉದ್ದುದ್ದಕ್ಕೆ ಮೇಲೆಳೆಯುತ್ತದೆಯೇ ಹೊರತು ತೋಳಿನ ಸುತ್ತಳತೆಯನ್ನು ತಗ್ಗಿಸುವುದಿಲ್ಲ. ಮೊಣಕೈವರೆಗೆ ಜೋತಿದ್ದರೆ ಉದ್ದನೆಯ ಗೆರೆ ಅನಿವಾರ್ಯ. ತುಂಬಾ ತೂಕ ಇಳಿಸಿದವರಲ್ಲಿ ಸಡಿಲತೆ ಕಂಕುಳು ದಾಟಿ ಎದೆಯ ಪಕ್ಕಕ್ಕೂ ಇಳಿದಿರುತ್ತದೆ, ಆಗ ಗೆರೆಯೂ ಅಲ್ಲಿಗೆ ಮುಂದುವರಿಯುತ್ತದೆ.

ಗೆರೆ ಎಲ್ಲಿ ಬರಬೇಕೆಂಬುದರ ಬಗ್ಗೆ ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ಒಳತೋಳಿನಲ್ಲಿ, ಸ್ನಾಯುಗಳ ನಡುವಿನ ತಗ್ಗಿನಲ್ಲಿ ಇಟ್ಟರೆ ಕೈ ಇಳಿಬಿಟ್ಟಾಗ ಅದು ಮುಚ್ಚಿಹೋಗುತ್ತದೆ, ಎತ್ತಿದಾಗ ಎದುರಿಗಿದ್ದವರಿಗೆ ಕಾಣುತ್ತದೆ. ಹಿಂಬದಿಗೆ ಇಟ್ಟರೆ ಎದುರಿಗಿದ್ದವರಿಗೂ ನಿಮಗೂ ಕಾಣುವುದಿಲ್ಲ, ಹಿಂದೆ ನಿಂತವರಿಗೆ ಕಾಣುತ್ತದೆ. ಯಾರ ಕಣ್ಣಿಗೆ ಮರೆಯಾಗಬೇಕು ಎಂಬುದನ್ನು ನೀವೇ ಹೇಳಬೇಕು, ಹೇಳದಿದ್ದರೆ ಅವರಿಗೆ ರೂಢಿಯಿರುವ ಕಡೆಗೆ ಬರುತ್ತದೆ. ತುಂಬೆಹೂ ಅವರ ಪೆನ್ನಿನ ಉಪಾಯ ನನಗೆ ಬಹಳ ಹಿಡಿಸಿತು. ಒಂದು ಕೈಗೆ ಒಳಬದಿ, ಇನ್ನೊಂದಕ್ಕೆ ಹಿಂಬದಿ ಎಳೆದುಕೊಳ್ಳಿ.

ಈ ಶಸ್ತ್ರಚಿಕಿತ್ಸೆ ಹೊಸದೇನಲ್ಲ. ಅಂದಕ್ಕಾಗಿ ತೋಳಿನ ಚರ್ಮ ತೆಗೆಯುವ ವಿಧಾನವನ್ನು ಅರ್ಜೆಂಟೀನಾದ ಕೊರಿಯಾ ಇಟುರಾಸ್ಪೆ ಮತ್ತು ಫೆರ್ನಾಂಡೆಸ್ 1954ರಲ್ಲೇ ಪ್ರಕಟಿಸಿದ್ದರು. ಹಳೆಯ ವಿಧಾನಗಳಲ್ಲಿ ಗೆರೆ ಅಗಲವಾಗುವುದು, ಕೆಳಕ್ಕೆ ಜಾರುವುದು ಸಾಮಾನ್ಯವಾಗಿತ್ತು, ಏಕೆಂದರೆ ಎಳೆತವೆಲ್ಲ ಚರ್ಮದ ಹೊಲಿಗೆಯ ಮೇಲೇ ಬೀಳುತ್ತಿತ್ತು. ಅಮೆರಿಕದ ಟೆಡ್ ಲಾಕ್‌ವುಡ್ 1995ರಲ್ಲಿ ಚರ್ಮದ ಕೆಳಗಿನ ಗಟ್ಟಿ ಪೊರೆಯನ್ನು ಕಂಕುಳಿನ ಒಳಪದರಕ್ಕೆ ಬಿಗಿದು ಹೊಲಿಯುವ ವಿಧಾನ ವಿವರಿಸಿದರು. ಭಾರವನ್ನು ಪೊರೆ ಹೊತ್ತರೆ ಚರ್ಮಕ್ಕೆ ವಿಶ್ರಾಂತಿ. ನೀವು ಕಾಣಲಿರುವ ಸರ್ಜನ್ ಒಳಗಿನ ಪದರಗಳನ್ನು ಹೇಗೆ ಹೊಲಿಯುತ್ತಾರೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಗರಡಿಮನೆ

ಲಾಡಿಯ ಹೋಲಿಕೆ ಒಪ್ಪಿದೆ. 44 ಕಿಲೋ ಎಂಬುದನ್ನು ನಾನು ಗಮನಕೊಟ್ಟು ಓದಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಕಾಲು, ಬೆನ್ನು, ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸಿಕೊಳ್ಳಿ ಎಂದಷ್ಟೇ ಸೇರಿಸುತ್ತೇನೆ: ಮೊದಲ ವಾರಗಳಲ್ಲಿ ಕೈ ಊರದೆ ಹಾಸಿಗೆಯಿಂದ ಏಳಬೇಕಾಗುತ್ತದೆ.

ಅರ್ಧತೋಳು

ಗಂಡಸರೂ ಇದನ್ನು ಮಾಡಿಸಿಕೊಳ್ಳುತ್ತಾರೆ ಎಂದು ತಿಳಿಸಲಿಕ್ಕಾದರೂ ಬರೆಯುತ್ತಿದ್ದೇನೆ. 61 ಕಿಲೋ ಇಳಿಸಿದ ಮೇಲೆ ಎರಡೂ ತೋಳುಗಳಿಗೆ ಮಾಡಿಸಿಕೊಂಡೆ. ನನ್ನದು ಸರಾಗವಾಗಿ ಮುಗಿದ ಕಥೆಯಲ್ಲ.

ಹತ್ತನೆಯ ದಿನ ಬಲಗಂಕುಳಿನ ಹತ್ತಿರ, ಉದ್ದನೆಯ ಗೆರೆ ಕಂಕುಳಿನ ಗೆರೆಯನ್ನು ಸೇರುವ ಮೂಲೆಯಲ್ಲಿ, ಹೊಲಿಗೆ ಎರಡು ಸೆಂಟಿಮೀಟರಿನಷ್ಟು ಬಿಟ್ಟುಕೊಂಡಿತು. ಬೆವರು, ತೇವ, ಚಲನೆ, ಎಳೆತ ಎಲ್ಲವೂ ಒಂದೆಡೆ ಸೇರುವ ಜಾಗ ಅದು. ಮತ್ತೆ ಹೊಲಿಯಲಿಲ್ಲ, ದಿನವೂ ಶುಚಿ ಮಾಡಿ ಪಟ್ಟಿ ಬದಲಿಸುತ್ತಾ ಒಳಗಿನಿಂದಲೇ ತುಂಬಿ ಬರುವವರೆಗೆ ಕಾದೆವು, ಐದು ವಾರ ಹಿಡಿಯಿತು. ಎಡತೋಳಿನಲ್ಲಿ ಮೊಣಕೈಗೆ ಸ್ವಲ್ಪ ಮೇಲೆ ನೀರುಗುಳ್ಳೆಯಂಥ ಊತ ಕಾಣಿಸಿತು. ಚರ್ಮ ಬೇರ್ಪಡಿಸಿದ ಜಾಗದಲ್ಲಿ ದ್ರವ ಶೇಖರವಾಗುವ ಈ ತೊಂದರೆಗೆ ಸಿರೋಮಾ ಎನ್ನುತ್ತಾರೆ, ಇದು ಅಪರೂಪವೇನಲ್ಲ. ಸೂಜಿಯಿಂದ ಮೂರು ಸಲ ಹೀರಿ ತೆಗೆದರು.

ಉಳಿದುಹೋದದ್ದು ಮುಂಗೈ ಒಳಬದಿಯ ಜೋಮು. ಮುಂಗೈಯ ಒಳಬದಿಗೆ ಸ್ಪರ್ಶಜ್ಞಾನ ಕೊಡುವ ನರವೊಂದು ತೋಳಿನ ಕೆಳಭಾಗದಲ್ಲಿ ಆಳದ ಪೊರೆಯನ್ನು ಭೇದಿಸಿಕೊಂಡು ಮೇಲ್ಪದರಕ್ಕೆ ಬಂದು, ಅಲ್ಲಿಂದ ಒಂದು ದೊಡ್ಡ ಅಭಿಧಮನಿಯ ಪಕ್ಕದಲ್ಲೇ ಸಾಗುತ್ತದೆ. ಅದು ಕತ್ತರಿಯ ದಾರಿಯಲ್ಲೇ ಇರುವುದರಿಂದ ಎಚ್ಚರಿಕೆಯ ಸರ್ಜನ್‌ಗಳು ಪೊರೆಯ ಮೇಲೆ ತೆಳುವಾದ ಕೊಬ್ಬಿನ ಪದರವನ್ನು ಉಳಿಸಿ ಕತ್ತರಿಸುತ್ತಾರಂತೆ. ನನ್ನ ನರ ತುಂಡಾಯಿತೋ, ಎಳೆದು ನೊಂದಿತೋ ಗೊತ್ತಿಲ್ಲ. ಎರಡು ವರ್ಷವಾದರೂ ಅಂಗೈ ಅಗಲದ ಜಾಗ ಮರಗಟ್ಟಿದಂತೆಯೇ ಇದೆ. ಕೆಲವರಿಗೆ ಜೋಮಿನ ಬದಲು ಉರಿಯುವ ನೋವೇ ಉಳಿಯುತ್ತದೆಂದು ಕೇಳಿ, ನನ್ನದು ಪುಣ್ಯವೆಂದುಕೊಂಡಿದ್ದೇನೆ.

ಪಶ್ಚಾತ್ತಾಪವಿದೆಯೇ ಎಂದು ಕೇಳುವವರಿಗೆ: ಇಲ್ಲ. ಆದರೆ ಒಪ್ಪಿಗೆ ಪತ್ರದಲ್ಲಿ ಸಹಿ ಹಾಕುವಾಗ ಈ ಸಾಲುಗಳನ್ನು ನಾನು ಓದಿರಲಿಲ್ಲ. ಓದಿದ್ದರೂ ಬೇರೆಯವರಿಗೆ ಆಗುವಂಥದ್ದು ಎಂದೇ ತಿಳಿಯುತ್ತಿದ್ದೆನೇನೋ.

ನೆರಳು

ಮಾಡಿಸಿಕೊಳ್ಳದಿರಲು ತೀರ್ಮಾನಿಸಿದವಳ ಮಾತೂ ಇಲ್ಲಿರಲಿ. ಚಿಕ್ಕಂದಿನಲ್ಲಿ ತೋಳಿಗೆ ಹಾಕಿದ ಲಸಿಕೆಯ ಗುರುತು ನನಗೆ ಹುಣಸೆಬೀಜದಷ್ಟು ಉಬ್ಬಿಕೊಂಡಿದೆ, ಕಿವಿ ಚುಚ್ಚಿಸಿದಲ್ಲೂ ಹಾಗೆಯೇ ಗಂಟು ಬೆಳೆಯಿತು. ಇದನ್ನು ಕೆಲಾಯ್ಡ್ ಎನ್ನುತ್ತಾರೆ. ಗಾಯದ ಗುರುತು ಗಾಯದ ಗಡಿಯನ್ನೇ ದಾಟಿ ಬೆಳೆಯುವ ಗುಣವಿದು, ಕಪ್ಪು ಮತ್ತು ಕಂದು ಮೈಬಣ್ಣದವರಲ್ಲಿ ಹೆಚ್ಚು ಕಾಣಿಸುತ್ತದೆ. ಎರಡು ತೋಳುಗಳ ಉದ್ದಕ್ಕೂ ಅಂಥ ಗಂಟು ಬೆಳೆದರೆ ಈಗಿನ ಜೋಲುಚರ್ಮವೇ ಮೇಲೆನಿಸೀತು ಎಂದು ಸರ್ಜನ್ ನೇರವಾಗಿ ಹೇಳಿದರು. ಒಂದು ಕೆಲಸ ಕಳೆದುಕೊಂಡು ಸತ್ಯ ಹೇಳಿದ ಆ ವೈದ್ಯರ ಮೇಲೆ ನನಗೆ ಗೌರವವಿದೆ. ಈಗ ನಾನು ಅಂಗಿಯ ಒಳಗೆ ಬಿಗಿಯಾದ ತೋಳುಚೀಲ ಹಾಕಿಕೊಳ್ಳುತ್ತೇನೆ. ಚರ್ಮ ಒಂದಕ್ಕೊಂದು ಉಜ್ಜುವುದು ತಪ್ಪಿದೆ, ಕೆರೆತವೂ ಕಡಿಮೆಯಾಗಿದೆ.

ಕತ್ತರಿಯಿಲ್ಲದೆ, ಶಾಖ ಕೊಟ್ಟು ಚರ್ಮ ಬಿಗಿಗೊಳಿಸುವ ಯಂತ್ರಗಳ ಜಾಹೀರಾತುಗಳು ಮಾತ್ರ ದಿನವೂ ಕಣ್ಣಿಗೆ ಬೀಳುತ್ತವೆ. ಅವುಗಳಿಂದ ಏನಾದರೂ ಪ್ರಯೋಜನವಿದೆಯೇ?

ಕಿರುಬೆರಳು

ನೆರಳು ಅವರ ಪ್ರಶ್ನೆಯ ಜೊತೆಗೇ ನನ್ನದೂ ಒಂದು. ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಎಡಗಂಕುಳಿನ ಗ್ರಂಥಿಗಳನ್ನು ತೆಗೆದಿದ್ದಾರೆ. ಆಕೆ ಈ ಶಸ್ತ್ರಚಿಕಿತ್ಸೆಯ ಯೋಚನೆ ಮಾಡಬಹುದೇ?

ಹಸಿರುಗೌನು

ಕಿರುಬೆರಳು ಅವರೇ, ತೋಳಿನಿಂದ ಹಿಂದಿರುಗುವ ದುಗ್ಧರಸ (ಅಂಗಾಂಶಗಳಿಂದ ಹರಿದುಬರುವ ತಿಳಿದ್ರವ, ಲಿಂಫ್) ಕಂಕುಳಿನ ಗ್ರಂಥಿಗಳ ಮೂಲಕವೇ ಹೋಗಬೇಕು. ಆ ಗ್ರಂಥಿಗಳನ್ನು ತೆಗೆದ ಕೈಯಲ್ಲಿ ಉಳಿದ ಸಣ್ಣ ನಾಳಗಳೇ ಹೇಗೋ ನಿಭಾಯಿಸುತ್ತಿರುತ್ತವೆ. ಒಳತೋಳಿನ ಉದ್ದಕ್ಕೂ ಕತ್ತರಿಸಿದರೆ ಅವೂ ತುಂಡಾಗಿ, ಕೈ ಶಾಶ್ವತವಾಗಿ ಊದಿಕೊಳ್ಳುವ ಅಪಾಯವಿದೆ. ಆದ್ದರಿಂದ ಅಂಥ ತೋಳಿಗೆ ಸಾಮಾನ್ಯವಾಗಿ ಬೇಡವೆಂದೇ ಹೇಳುತ್ತಾರೆ. ಕ್ಯಾನ್ಸರ್ ಚಿಕಿತ್ಸೆ ಕೊಟ್ಟ ವೈದ್ಯರನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡಬಾರದು.

ನೆರಳು ಅವರೇ, ರೇಡಿಯೋ ತರಂಗ ಅಥವಾ ಅಲ್ಟ್ರಾಸೌಂಡಿನ ಶಾಖದಿಂದ ಚರ್ಮದೊಳಗಿನ ಕೊಲ್ಯಾಜನ್ ಸ್ವಲ್ಪ ಸಂಕುಚಿಸಿ, ಮುಂದಿನ ತಿಂಗಳುಗಳಲ್ಲಿ ಸ್ವಲ್ಪ ಹೊಸದಾಗಿ ಬೆಳೆಯುತ್ತದೆ. ಈ ವಾಕ್ಯದಲ್ಲಿ ಎರಡು ಸಲ ಬಂದಿರುವ ‘ಸ್ವಲ್ಪ’ ಎಂಬ ಪದವನ್ನು ಗಮನಿಸಿ. ಸೌಮ್ಯ ಸಡಿಲತೆಗೆ ಅದು ಸಾಕಾಗಬಹುದು. ಕೊಬ್ಬನ್ನು ತಣ್ಣಗಾಗಿಸಿ ಕರಗಿಸುವ ಯಂತ್ರ ಕೊಬ್ಬಿಗೆ ಸಂಬಂಧಿಸಿದ್ದೇ ಹೊರತು ಚರ್ಮಕ್ಕಲ್ಲ. ಕ್ರೀಮುಗಳ ಬಗ್ಗೆ ಬರೆಯಲು ಏನೂ ಇಲ್ಲ.

ಊರುಗೋಲು

ಮುಂಜಾವು ಅವರ ಎರಡನೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ನಾನು ಫಿಸಿಯೋಥೆರಪಿಸ್ಟ್.

ಮೇಜಿನ ಮುಂದೆ ಕೂರುವ ಕೆಲಸಕ್ಕೆ ಒಂದೆರಡು ವಾರಗಳಲ್ಲಿ ಮರಳಬಹುದು. ಭಾರ ಎತ್ತುವುದಕ್ಕೆ ಆರು ವಾರವಾದರೂ ಬೇಕು, ಅದೂ ಗಾಯ ಎಲ್ಲಿಯೂ ಬಿಟ್ಟುಕೊಳ್ಳದಿದ್ದರೆ ಮಾತ್ರ. ಹಾಸಿಗೆ ಹಿಡಿದವರನ್ನು ಎತ್ತುವುದು ಸಾಮಾನು ಎತ್ತಿದಂತಲ್ಲ: ಕಂಕುಳಿಗೆ ಕೈ ಕೊಟ್ಟು ಎಬ್ಬಿಸುವಾಗ ಅವರು ಹಠಾತ್ತನೆ ವಾಲಿದರೆ ಪೂರ್ತಿ ಭಾರ ಒಂದೇ ಕ್ಷಣದಲ್ಲಿ ನಿಮ್ಮ ಒಳತೋಳಿನ ಮೇಲೆ ಬೀಳುತ್ತದೆ, ಸರಿಯಾಗಿ ಹೊಲಿಗೆ ಇರುವ ಜಾಗದಲ್ಲೇ. ಆದ್ದರಿಂದ ಎರಡು ತಿಂಗಳಿಗೆ ಬೇರೆಯವರ ಕೈ ನೆರವು ಗೊತ್ತುಮಾಡಿಕೊಳ್ಳದೆ ಶಸ್ತ್ರಚಿಕಿತ್ಸೆಯ ದಿನಾಂಕ ಪಡೆಯಬೇಡಿ.

ಅಷ್ಟರಲ್ಲಿ ಇನ್ನೊಂದನ್ನೂ ಕಲಿತುಕೊಳ್ಳಿ. ನುಣುಪು ಬಟ್ಟೆಯ ಜಾರುಹಾಸನ್ನು ರೋಗಿಯ ಕೆಳಗೆ ತೂರಿಸಿ, ಎತ್ತುವ ಬದಲು ಜಾರಿಸಿ ಸರಿಸುವ ವಿಧಾನವಿದೆ. ಮೊದಲು ಮಗ್ಗುಲಾಗಿಸಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಆ ಕಾಲುಗಳ ಭಾರದಿಂದಲೇ ಮೈಯ ಮೇಲ್ಭಾಗವನ್ನು ಏಳಿಸುವುದೂ ಸಾಧ್ಯ. ನಿಮ್ಮ ಸಹಾಯಕ್ಕೆ ಬರುವವರಿಗೂ ಇದನ್ನೇ ಕಲಿಸಿ. ನಿಮ್ಮ ತೋಳಿನ ವಿಷಯ ಹಾಗಿರಲಿ, ನಿಮ್ಮ ಬೆನ್ನಿಗೂ ತಾಯಿಯವರ ಭುಜದ ಕೀಲಿಗೂ ಇದು ಒಳ್ಳೆಯದು.

ತುಂಬೆಹೂ

ಹಣದ ಬಗ್ಗೆ ಒಂದು ಮಾತು. ಇದನ್ನು ಅಂದದ ಶಸ್ತ್ರಚಿಕಿತ್ಸೆಯೆಂದು ಪರಿಗಣಿಸಿ ವಿಮೆಯವರು ಸಾಮಾನ್ಯವಾಗಿ ಕೈತೊಳೆದುಕೊಳ್ಳುತ್ತಾರೆ. ಮಡಿಕೆಯ ಸೋಂಕು ಮರುಕಳಿಸುತ್ತಿದ್ದರೆ ಪ್ರತಿ ಸಲವೂ ವೈದ್ಯರಿಂದ ದಾಖಲೆ ಮಾಡಿಸಿ ಇಟ್ಟುಕೊಳ್ಳಿ, ವಾದಿಸಲು ಅದೊಂದೇ ಆಧಾರ.

ಮುಂಜಾವು

ಐದು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮಿಸಿ.

ಗೆರೆ ಎಳೆದುಕೊಂಡೆ. ಎಡಗೈಗೆ ಒಳಬದಿ, ಬಲಗೈಗೆ ಹಿಂಬದಿ. ಮೊದಲ ದಿನ ಉದ್ದ ತೋಳಿನ ಅಂಗಿ ಹಾಕಿಕೊಂಡೇ ಕೆಲಸಕ್ಕೆ ಹೋದೆ. ಮೂರನೆಯ ದಿನ ಎಡಗೈ ಗೆರೆ ಮರೆತೇಹೋಗಿತ್ತು. ಬಲಗೈಯದು ಮಾತ್ರ ಮರೆಯಲಿಲ್ಲ, ಏಕೆಂದರೆ ನನಗೆ ಕಾಣದ ಆ ಗೆರೆಯನ್ನು ಹಿಂದೆ ನಿಂತವರೆಲ್ಲ ನೋಡುತ್ತಿದ್ದಾರೆಂಬ ಅನುಮಾನ ನನ್ನನ್ನು ಬಿಡಲಿಲ್ಲ. ನಾನು ಕಾಣಬಲ್ಲ ಗೆರೆಯೇ ನನಗೆ ವಾಸಿ ಎಂದು ಹಾಗೆ ತಿಳಿಯಿತು. ಅಮ್ಮ ಎಡಗೈ ಗೆರೆಯನ್ನು ನೋಡಿ ಯಾರು ಗೀಚಿದರು ಎಂದರು. ವಿಷಯ ಹೇಳಿದೆ. ‘ನಿನ್ನ ತೋಳು ಹಿಡಿದು ಏಳುವಾಗ ಚರ್ಮವೊಂದೇ ಕೈಗೆ ಬರುತ್ತದೆ, ನಿನಗೆ ನೋಯುತ್ತದೇನೋ ಎಂದು ಬಿಟ್ಟುಬಿಡುತ್ತೇನೆ’ ಎಂದರು. ಇಷ್ಟು ದಿನ ಅವರು ಹಿಡಿತ ಸಡಿಲಿಸುತ್ತಿದ್ದುದು ಬಲವಿಲ್ಲದೆ ಎಂದು ನಾನು ತಿಳಿದಿದ್ದೆ.

ಸರ್ಜನ್ ಅವರನ್ನು ಕಂಡೆ. ಹಸಿರುಗೌನು ಅವರು ವರ್ಣಿಸಿದಂತೆಯೇ ನಿಲ್ಲಿಸಿ, ಚರ್ಮ ಹಿಡಿದು ನೋಡಿದರು. ಮೊಣಕೈವರೆಗಿನ ಗೆರೆಯೇ ಆಗಬೇಕು, ಎದೆಯ ಪಕ್ಕಕ್ಕೆ ಹೋಗಬೇಕಿಲ್ಲ ಎಂದರು. ಕಂಕುಳಿನಲ್ಲಿ ಗೆರೆಯನ್ನು ನೇರವಾಗಿ ದಾಟಿಸಿದರೆ ಅದು ಮಾಗುವಾಗ ಹಗ್ಗದಂತೆ ಬಿಗಿದು ಕೈ ಮೇಲೆತ್ತಲು ಅಡ್ಡಿಯಾಗುತ್ತದೆ, ಅದಕ್ಕಾಗಿ ಅಲ್ಲಿ ಅಂಕುಡೊಂಕಾಗಿ ತಿರುಗಿಸುತ್ತೇನೆ ಎಂದು ಚಿತ್ರ ಬರೆದು ತೋರಿಸಿದರು. ಆದರೆ ರಕ್ತ ಪರೀಕ್ಷೆ ನನ್ನ ಉತ್ಸಾಹಕ್ಕೆ ತಡೆ ಹಾಕಿತು. ಹಿಮೋಗ್ಲೋಬಿನ್ 9.6 ಇತ್ತು, ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ಕೂಡ ಕಡಿಮೆ. ಬೈಪಾಸ್ ಆದವರಿಗೆ ಕಬ್ಬಿಣ, ಬಿ12, ಪ್ರೋಟೀನು ಸರಿಯಾಗಿ ಮೈಗೆ ಹತ್ತುವುದಿಲ್ಲ. ಗಾಯ ಮಾಯುವುದು ಅವುಗಳಿಂದಲೇ. ಮೂರು ತಿಂಗಳು ಬಿಟ್ಟು ಬನ್ನಿ ಎಂದು ಕಳುಹಿಸಿದ್ದಾರೆ.

ಅರ್ಧತೋಳು

ಆ ಮೂರು ತಿಂಗಳು ಕಾಯುವುದೇ ಸರಿ. ನನ್ನ ಆಲ್ಬುಮಿನ್ ಯಾರೂ ನೋಡಿರಲಿಲ್ಲ. ಹೊಲಿಗೆ ಬಿಟ್ಟುಕೊಂಡ ಮೇಲೆ ನೋಡಿದರು.

ಹಸಿರುಗೌನು

ಕಾಯುವ ಈ ಅವಧಿಯಲ್ಲಿ ನೆನಪಿಡಬೇಕಾದವು ಇವು. ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ ಅವರಿಂದ ದೂರವಿರಿ. ಧೂಮಪಾನಿಗಳು ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮೊದಲೇ, ಮತ್ತು ಆಮೇಲೂ ಅಷ್ಟೇ ಕಾಲ ಬಿಟ್ಟಿರಬೇಕು, ಏಕೆಂದರೆ ನಿಕೋಟಿನ್ ಚರ್ಮದ ಅಂಚಿಗೆ ರಕ್ತ ಒಯ್ಯುವ ಸಣ್ಣ ನಾಳಗಳನ್ನು ಮುದುಡಿಸುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ರಕ್ತ ತೆಳುವಾಗಿಸುವ ಮಾತ್ರೆ, ವಿಟಮಿನ್ ಇ, ಗಿಡಮೂಲಿಕೆಯ ಪುಡಿ, ನುಂಗುವುದನ್ನೆಲ್ಲ ಬಿಡದೆ ಹೇಳಿ. ಆದರೆ ವೈದ್ಯರು ಬರೆದುಕೊಟ್ಟ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಮುಂಜಾವು

ಶಸ್ತ್ರಚಿಕಿತ್ಸೆ ಆಗಿ ಇಂದಿಗೆ ಹನ್ನೆರಡು ದಿನ. ಹಿಮೋಗ್ಲೋಬಿನ್ 12.2ಕ್ಕೆ ಏರಲು ಮೂರಲ್ಲ, ನಾಲ್ಕು ತಿಂಗಳು ಬೇಕಾಯಿತು. ಪೂರ್ಣ ಅರಿವಳಿಕೆ ಕೊಟ್ಟಿದ್ದರು, ಎರಡೂವರೆ ಗಂಟೆ ಹಿಡಿಯಿತಂತೆ. ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದೆ.

ನೋವು ನಾನು ಹೆದರಿದಷ್ಟು ಇರಲಿಲ್ಲ, ಬಿಗಿತವೇ ಹೆಚ್ಚು. ಬೇರೆಯವರ ತೋಳನ್ನು ಎರವಲು ಪಡೆದು ಅಳತೆ ಸಣ್ಣದಾದಂತೆ ಅನಿಸುತ್ತದೆ. ದಿಂಬುಗಳ ಮೇಲೆ ಕೈ ಎತ್ತರಿಸಿಟ್ಟು ಬೆನ್ನ ಮೇಲೆಯೇ ಮಲಗಬೇಕು. ಮಗ್ಗುಲಾಗಿ ಮಲಗುವ ಅಭ್ಯಾಸದವಳಾದ ನನಗೆ ಇದೇ ದೊಡ್ಡ ಶಿಕ್ಷೆ. ತಲೆ ಬಾಚಿಕೊಳ್ಳಲು ಆಗುವುದಿಲ್ಲ, ಬೆನ್ನ ಹಿಂದೆ ಕೈ ಹೋಗುವುದಿಲ್ಲ, ಮುಂದೆ ಗುಂಡಿಯಿರುವ ಸಡಿಲ ಅಂಗಿಗಳೇ ಗತಿ. ಬಿಗಿಯಾದ ತೋಳುಚೀಲವನ್ನು ಆರು ವಾರ ಹಗಲಿರುಳೂ ಹಾಕಿರಬೇಕು. ಅಮ್ಮನನ್ನು ನೋಡಿಕೊಳ್ಳಲು ಎರಡು ತಿಂಗಳಿಗೆ ಒಬ್ಬಾಕೆ ಬರುತ್ತಿದ್ದಾರೆ, ಜಾರುಹಾಸಿನ ವಿದ್ಯೆ ಅವರಿಗೆ ನನಗಿಂತ ಚೆನ್ನಾಗಿ ಕರಗತವಾಗಿದೆ.

ಒಂದು ಆತಂಕವಿದೆ. ಎರಡೂ ಕೈಗಳ ಬೆರಳುಗಳು ಊದಿಕೊಂಡಿವೆ, ಉಂಗುರದ ಜಾಗ ಗುರುತೇ ಸಿಗುವುದಿಲ್ಲ. ಇದು ಸಹಜವೇ?

ಹಸಿರುಗೌನು

ಎರಡೂ ಕೈಗಳಲ್ಲಿ ಸಮನಾಗಿ ಇದ್ದು, ಕೈ ಎತ್ತರಿಸಿಟ್ಟಾಗ ಇಳಿಯುತ್ತಿದ್ದರೆ ಸಾಮಾನ್ಯವಾಗಿ ಸಹಜ. ಬಿಗಿಚೀಲ ಮೊಣಕೈ ಹತ್ತಿರ ಸುರುಳಿಯಾಗಿ ಕಟ್ಟಿದಂತಾಗಿದೆಯೇ ಎಂದು ನೋಡಿ, ನಾಳೆ ಸರ್ಜನ್‌ಗೂ ತಿಳಿಸಿ. ಒಂದೇ ಕೈ ಏಕಾಏಕಿ ಊದಿದರೆ, ಚರ್ಮ ಬಿಸಿಯಾಗಿ ಕೆಂಪು ಹರಡಿದರೆ, ಜ್ವರ ಬಂದರೆ ಅಂದೇ ಹೋಗಬೇಕು. ಕಾಲಿನ ಮೀನಖಂಡದಲ್ಲಿ ನೋವು ಅಥವಾ ಉಸಿರಾಟದ ತೊಂದರೆ ಕಾಣಿಸಿದರೆ ಬೆಳಗಾಗುವವರೆಗೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರುವ ಸಾಧ್ಯತೆಯಿರುತ್ತದೆ. ಅದಕ್ಕೇ ಕೈಗೆ ವಿಶ್ರಾಂತಿ ಕೊಡಿ, ಕಾಲಿಗೆ ಕೊಡಬೇಡಿ. ಮನೆಯೊಳಗೇ ನಡೆದಾಡುತ್ತಿರಿ.

ತುಂಬೆಹೂ

ಮೂರನೆಯ ತಿಂಗಳಲ್ಲಿ ಗೆರೆ ಕೆಂಪಾದಾಗ ನನ್ನ ಮಾತು ನೆನಪಿಸಿಕೊಳ್ಳಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಪಟ್ಟಿ ಅಥವಾ ಜೆಲ್ ಹಚ್ಚಿ, ಬಿಸಿಲು ತಾಗಿಸಬೇಡಿ. ಎಳೆಯ ಗೆರೆಗೆ ಬಿಸಿಲು ಬಿದ್ದರೆ ಕಪ್ಪು ಕೂರುತ್ತದೆ.

ಮುಂಜಾವು

ಹದಿನಾಲ್ಕು ತಿಂಗಳಾಯಿತು. ಕೆಲವರು ಖಾಸಗಿಯಾಗಿ ಕೇಳುತ್ತಿರುವುದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ.

ಮೂರನೆಯ ತಿಂಗಳ ಕೆಂಪು ಬಂತು, ಹೆದರಲಿಲ್ಲ. ಎಡಗೈಯಲ್ಲಿ ಗೆರೆ ತೆಳುವಾಗಿ ಮಸುಕಾಗಿದೆ. ಬಲಗೈಯಲ್ಲಿ ಮೊಣಕೈಗೆ ನಾಲ್ಕು ಬೆರಳು ಮೇಲೆ ಸ್ವಲ್ಪ ಅಗಲವಾಗಿದೆ. ಆ ಜಾಗಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಎರಡು ಸಲ ಕೊಟ್ಟ ಮೇಲೆ ಉಬ್ಬು ತಗ್ಗಿದೆ, ಅಗಲ ತಗ್ಗಿಲ್ಲ. ಎರಡು ತೋಳುಗಳ ಸುತ್ತಳತೆಯಲ್ಲಿ ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸವಿದೆ, ಟೇಪು ಹಿಡಿಯದೆ ಯಾರಿಗೂ ತಿಳಿಯದು. ಒಳತೋಳಿನಲ್ಲಿ, ಕಂಕುಳಿನ ಕೆಳಗೆ ನಾಣ್ಯದಷ್ಟು ಜಾಗದಲ್ಲಿ ಸ್ಪರ್ಶ ಇನ್ನೂ ಮಂದವಾಗಿದೆ. ಮಡಿಕೆಯೇ ಇಲ್ಲವಾದ್ದರಿಂದ ಈ ಬೇಸಿಗೆ ಒಂದು ಗುಳ್ಳೆಯೂ ಏಳಲಿಲ್ಲ.

ಎಂಟು ವಾರಗಳ ಮೇಲೆ ಅಮ್ಮನನ್ನು ಮತ್ತೆ ನಾನೇ ಏಳಿಸಲು ಶುರುಮಾಡಿದೆ, ಈಗಲೂ ಜಾರುಹಾಸಿನ ವಿಧಾನದಲ್ಲಿಯೇ. ಕೊನೆಯ ಹಂತದಲ್ಲಿ ಅವರು ನನ್ನ ತೋಳನ್ನು ಹಿಡಿದೇ ಕೂರುತ್ತಾರೆ. ಮೊನ್ನೆ ಹಿಡಿದವರು ಗೆರೆಯ ಮೇಲೆ ಬೆರಳಾಡಿಸಿ, ನೀನು ಪೆನ್ನಿನಲ್ಲಿ ಎಳೆದದ್ದು ಇದಕ್ಕಿಂತ ನೇರವಾಗಿತ್ತು ಎಂದರು. ಕಂಕುಳಿನ ಹತ್ತಿರ ಏಕೆ ಅಂಕುಡೊಂಕಾಗಿ ಹೊಲಿಯುತ್ತಾರೆಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಅವರು ನನ್ನ ತೋಳನ್ನೇ ಆಧಾರ ಮಾಡಿಕೊಂಡು ಎದ್ದು ಕುಳಿತಾಗಿತ್ತು.